ತಾಟೆಯಾ, ಬೂತಾಯಿಯಾ, ಅಂಜಲ್ಲಾ? ಉಡುಪಿ–ಮಂಗಳೂರಿನಲ್ಲಿ ಮೀನು ಕೊಳ್ಳುವವರಿಗೆ

ನನ್ನ ತಂಗಿಗೆ ಹೆರಿಗೆಯಾಗಿ ಇಪ್ಪತ್ತು ದಿನ ಆಗಿತ್ತು. ಅಮ್ಮ ಬೆಳಿಗ್ಗೆಯೇ ಚೀಲ ಕೈಗೆ ಕೊಟ್ಟು, "ಬಾಣಂತಿಗೆ ತಾಟೆ ತಾ, ಹಾಲು ಚೆನ್ನಾಗಿ ಬರ್ತದೆ" ಅಂದರು. ತಾಟೆ ಅಂದರೆ ಶಾರ್ಕ್. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದು ಬಂದ ಮಾತು ಅದು. ನಾನು ಮಲ್ಪೆಗೆ ಹೋದೆ.

ಅಲ್ಲಿ ಮೀನು ಮಾರುವ ಅಕ್ಕನ ಮುಂದೆ ಎರಡು ತಾಟೆ ಇದ್ದವು. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ, ಒಂದು ಮೊಳದಷ್ಟು. ಒಂದರ ಮೂತಿ ಚಪ್ಪಟೆ, ಮೈ ಬರೀ ಬೂದು. ಇನ್ನೊಂದರ ರೆಕ್ಕೆಗಳ ತುದಿಗೆ ಮಸಿ ಹಚ್ಚಿದ ಹಾಗೆ ಕಪ್ಪು. ಎರಡನೆಯದು ನೋಡಲು ಚಂದ ಇತ್ತು. ಅದನ್ನೇ ಕೊಡಿ ಅಂದೆ. ಅಕ್ಕ ಅದನ್ನು ಮಗುಚಿ ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದರು. "ಉಂದು ಕಿನ್ನಿ" ಅಂದರು. ಇದು ಮರಿ ಅಂತ. ಎದೆಯ ಎರಡು ರೆಕ್ಕೆಗಳ ನಡುವೆ ಸಣ್ಣ ಸೀಳಿನಂಥ ಗುರುತು ಇತ್ತು. ಹೊಕ್ಕುಳು! ಇನ್ನೂ ಪೂರ್ತಿ ಮಾಯದ ಹೊಕ್ಕುಳು. ಮನೆಯಲ್ಲಿ ಮಲಗಿದ್ದ ಇಪ್ಪತ್ತು ದಿನದ ಕೂಸು ನೆನಪಾಗಿ ಕೈ ಹಿಂದಕ್ಕೆ ಬಂತು.

ಆ ದಿನದಿಂದ ನಾನು ಮೀನು ಕೊಳ್ಳುವ ರೀತಿಯೇ ಬದಲಾಯಿತು. ಮೊದಲು ದರ ಕೇಳುತ್ತಿದ್ದೆ, ಆಮೇಲೆ ಕಣ್ಣು, ಕಿವಿರು ನೋಡುತ್ತಿದ್ದೆ. ಈಗ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳುವುದು, ಈ ಮೀನಿಗೆ ವಯಸ್ಸೆಷ್ಟು ಅಂತ. ಇಷ್ಟು ಬೆಳೆಯಲು ಇದಕ್ಕೆ ಎಷ್ಟು ವರ್ಷ ಬೇಕಾಯಿತು? ಮರಿ ಹಾಕಿದೆಯಾ, ಇನ್ನೂ ಇಲ್ಲವಾ? ಸಮುದ್ರಕ್ಕೆ ಒಳ್ಳೆಯದು ಯಾವುದು, ನಮ್ಮ ಹೊಟ್ಟೆಗೆ ಒಳ್ಳೆಯದು ಯಾವುದು ಎನ್ನುವ ಎರಡು ಪ್ರಶ್ನೆಗೂ ಬಹಳಷ್ಟು ಸಲ ಈ ಒಂದೇ ಪ್ರಶ್ನೆಯಲ್ಲಿ ಉತ್ತರ ಸಿಗುತ್ತದೆ.

ತಾಟೆಗೂ ತಾಟೆಗೂ ವ್ಯತ್ಯಾಸ

ಶಾರ್ಕ್ ಅಂದ ಕೂಡಲೇ ಘಟ್ಟದ ಮೇಲಿನವರಿಗೆ ದೈತ್ಯ ಬಾಯಿ, ಚೂಪು ಹಲ್ಲು ನೆನಪಾಗುತ್ತದೆ. ನಮ್ಮಲ್ಲಿ ಅದು ತಾಟೆ, ಕೊಂಕಣಿಯವರಿಗೆ ಮೋರಿ. ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಸಣ್ಣವು. ಆದರೆ "ಸಣ್ಣ ತಾಟೆ" ಅನ್ನುವ ಒಂದೇ ಹೆಸರಿನ ಒಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ಬೆಳೆದರೂ ಸಣ್ಣದಾಗಿಯೇ ಉಳಿಯುವ ಜಾತಿ. ಇನ್ನೊಂದು, ದೊಡ್ಡ ಜಾತಿಯ ಕೂಸು.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಚಪ್ಪಟೆ ಮೂತಿಯ ತಾಟೆ. ವಿಜ್ಞಾನಿಗಳು ಇದನ್ನು ಸ್ಕೋಲಿಯೋಡಾನ್ ಅನ್ನುತ್ತಾರೆ. ಮೂತಿ ಗಾರೆಯವರ ಕರಣಿಯ ಹಾಗೆ ಅಗಲ, ತೆಳ್ಳಗೆ. ರೆಕ್ಕೆಗಳ ಮೇಲೆ ಗುರುತುಗಳಿಲ್ಲ. ಇದು ದಡದ ಹತ್ತಿರ, ಆಳ ಕಡಿಮೆ ಇರುವ ನೀರಿನಲ್ಲಿ ಓಡಾಡುತ್ತದೆ. ಸಿಗಡಿ, ಸಣ್ಣ ಮೀನು ತಿನ್ನುತ್ತದೆ. ಪಶ್ಚಿಮ ಕರಾವಳಿಯಲ್ಲಿ ಹೆಚ್ಚು ಸಿಗುವ ತಾಟೆಗಳಲ್ಲಿ ಇದೂ ಒಂದು. ಸುಮಾರು 35 ಸೆಂಟಿಮೀಟರ್ ಆಗುವಷ್ಟರಲ್ಲಿ ಪ್ರಾಯಕ್ಕೆ ಬರುತ್ತದೆ. 70 ಸೆಂಟಿಮೀಟರ್ ದಾಟುವುದು ಅಪರೂಪ. ಒಂದು ಹೆರಿಗೆಗೆ ಹತ್ತು ಹದಿನೈದು ಮರಿ ಹಾಕುವುದೂ ಉಂಟು. ಮೊಳದುದ್ದದ ಚಪ್ಪಟೆ ಮೂತಿ ಅಂದರೆ ಅದು ದೊಡ್ಡದಾಗಿರುವ, ಬಹುಶಃ ಮರಿ ಹಾಕಿ ಮುಗಿಸಿರುವ ಮೀನು.

ಈಗ ಅದೇ ಉದ್ದದ ಸುತ್ತಿಗೆ ತಲೆಯ ತಾಟೆಯನ್ನು ಪಕ್ಕಕ್ಕೆ ಇಡಿ. ತಲೆ ಅಡ್ಡಕ್ಕೆ ಚಾಚಿಕೊಂಡು ಎರಡೂ ತುದಿಯಲ್ಲಿ ಕಣ್ಣಿರುವುದರಿಂದ ಇದನ್ನು ಗುರುತಿಸಲು ಯಾರಿಗೂ ಕಷ್ಟವಿಲ್ಲ. ನಮ್ಮ ಕಡೆ ಬರುವ ಇದರ ಜಾತಿಗಳಲ್ಲಿ ಒಂದನ್ನು ನೋಡಿ. ಅದರ ಮರಿ ಹುಟ್ಟುವಾಗಲೇ 40–50 ಸೆಂಟಿಮೀಟರ್ ಇರುತ್ತದೆ. ಹೆಣ್ಣು ಪ್ರಾಯಕ್ಕೆ ಬರುವುದು ಎರಡು ಮೀಟರ್ ದಾಟಿದ ಮೇಲೆ. ಅದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಬೇಕು. ಅಂದರೆ ಒಂದು ಮೊಳದ ಸುತ್ತಿಗೆ ತಲೆ ನಿನ್ನೆ ಮೊನ್ನೆ ಹುಟ್ಟಿದ್ದು. ರೆಕ್ಕೆಯ ತುದಿ ಕಪ್ಪಿರುವ ದೊಡ್ಡ ಜಾತಿಯದ್ದೂ ಹೀಗೆಯೇ. ಗರ್ಭ ಹತ್ತು ಹನ್ನೆರಡು ತಿಂಗಳು. ಒಮ್ಮೆಗೆ ಹೆಚ್ಚಾಗಿ ನಾಲ್ಕರಿಂದ ಏಳು ಮರಿ. ಅದೂ ಪ್ರತಿ ವರ್ಷ ಅಲ್ಲ, ಒಂದು ವರ್ಷ ಬಿಟ್ಟು ಒಂದು ವರ್ಷ. ನಮ್ಮ ದನ ಎಮ್ಮೆಗಳೇ ಇದಕ್ಕಿಂತ ಬೇಗ ಬೇಗ ಕರು ಹಾಕುತ್ತವೆ ಅಲ್ವಾ?

ಹಾಗಾಗಿ ತಾಟೆ ತಿನ್ನಲೇಬೇಕು ಅನ್ನುವವರಿಗೆ ನಾನು ಹೇಳುವುದು ಇದು. ಚಪ್ಪಟೆ ಮೂತಿಯದ್ದು, ಒಂದು ಮೊಳ ಇರುವುದು, ಗರ್ಭ ಇಲ್ಲದ್ದು ಆರಿಸಿ. ಮಗುಚಿ ಹೊಟ್ಟೆ ನೋಡಿ. ಎದೆ ರೆಕ್ಕೆಗಳ ನಡುವೆ ಸೀಳು ಹಸಿಯಾಗಿ ಕಂಡರೆ ಬೇಡ. ರೆಕ್ಕೆ ತುದಿ ಕಪ್ಪಿದ್ದರೆ ದೊಡ್ಡ ಜಾತಿಯ ಮರಿ ಇರುವ ಸಾಧ್ಯತೆ ಹೆಚ್ಚು, ಅದೂ ಬೇಡ. ಸುತ್ತಿಗೆ ತಲೆ ಯಾವ ಅಳತೆಯದ್ದಾದರೂ ಬೇಡವೇ ಬೇಡ. ಚಪ್ಪಟೆ ಮೂತಿಯದ್ದಕ್ಕೂ ಕಷ್ಟ ಇಲ್ಲ ಅಂತಲ್ಲ. ಬಲೆಯ ಒತ್ತಡ ಅದರ ಮೇಲೂ ಇದೆ. ಜಗತ್ತಿನ ತಾಟೆ–ತೊರಕೆ (ತೊರಕೆ ಅಂದರೆ ಚಪ್ಪಟೆ ಮೈಯ ರೇ ಮೀನು) ಜಾತಿಗಳಲ್ಲಿ ಮೂರರಲ್ಲಿ ಒಂದು ಅಳಿವಿನ ಅಂಚಿಗೆ ಬಂದಿದೆ ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಅವನ್ನು ಅತಿ ಹೆಚ್ಚು ಹಿಡಿಯುವ ದೇಶಗಳ ಸಾಲಿನಲ್ಲಿ ನಮ್ಮದೂ ಇದೆ. ವಾರಕ್ಕೊಮ್ಮೆ ತಿನ್ನುವವರು ವರ್ಷಕ್ಕೆ ಎರಡು ಸಲಕ್ಕೆ ಇಳಿಸಿದರೂ ಅದು ದೊಡ್ಡ ವಿಷಯ.

ಒಂದು ಮಾತು ಮೀನುಗಾರರ ಪರವಾಗಿ ಹೇಳಬೇಕು. ನಮ್ಮ ಬೋಟಿನವರು ಮರಿ ತಾಟೆಯನ್ನು ಹುಡುಕಿಕೊಂಡು ಹೋಗಿ ಹಿಡಿಯುವುದು ಕಡಿಮೆ. ಸಿಗಡಿಗೆ, ಮದ್ಮಲ್ ಮೀನಿಗೆ, ಬೊಂಡಾಸ್‌ಗೆ (ಸ್ಕ್ವಿಡ್) ಎಳೆದ ಟ್ರಾಲ್ ಬಲೆಯಲ್ಲಿ ಅದೂ ಬಂದು ಬೀಳುತ್ತದೆ. ಮೇಲೆ ಬರುವಷ್ಟರಲ್ಲಿ ಎಷ್ಟೋ ಸತ್ತಿರುತ್ತದೆ. ಹೊಟ್ಟೆಪಾಡಿಗೆ ಹೋದವರು ಬಂದ ಮೀನನ್ನು ಬಿಸಾಡಿ ಅಂದರೆ ಹೇಗೆ ಬಿಸಾಡುತ್ತಾರೆ? ಆದರೆ ದಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಬಂದರಿನಲ್ಲಿ, ಅದಕ್ಕೆ ಒಳ್ಳೆ ದರ ಬಂದರೆ ಮುಂದಿನ ಸಲ ಮರಿಗಳು ಇರುವ ಜಾಗದಲ್ಲಿಯೇ ಬಲೆ ಬಿಡುವ ಆಸೆ ಹುಟ್ಟುತ್ತದೆ. ದರ ಹೇಳುವುದರಲ್ಲಿ ನಮ್ಮ ಪಾಲೂ ಇದೆ.

ಕೊಳ್ಳಲೇಬಾರದವು

ಇಲ್ಲಿ ಹೋಲಿಕೆಯ ಮಾತೇ ಇಲ್ಲ. ತಿಮಿಂಗಿಲ ತಾಟೆಗೆ, ಅಂದರೆ ಮೈಮೇಲೆ ಬಿಳಿ ಚುಕ್ಕೆಗಳಿರುವ ಆ ಬಡಪಾಯಿ ದೈತ್ಯನಿಗೆ, 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಸಿಕ್ಕಿತು. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ಅದೇ ವರ್ಷದ ಕೊನೆಗೆ ಗರಗಸ ಮೀನು, ಗಂಗಾ ತಾಟೆ, ದೊಡ್ಡ ಗಿಟಾರ್ ಮೀನು ಎಲ್ಲ ಸೇರಿ ಒಟ್ಟು ಹತ್ತು ಜಾತಿ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಪಟ್ಟಿ ಇನ್ನೂ ಬೆಳೆಯಿತು. ಬರೀ ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯುವುದನ್ನು 2013ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿತು. ತಾಟೆ ದಡಕ್ಕೆ ಬರುವಾಗ ರೆಕ್ಕೆ ಮೈಗೆ ಅಂಟಿಕೊಂಡೇ ಇರಬೇಕು. 2015ರಲ್ಲಿ ರೆಕ್ಕೆಯ ರಫ್ತೂ ನಿಂತಿತು.

ಕೊಳ್ಳುವವರಿಗೆ ಗೊಂದಲ ಆಗುವುದು ಗಿಟಾರ್ ಮೀನಿನಲ್ಲಿ. ಮುಂದಿನ ಅರ್ಧ ತೊರಕೆಯ ಹಾಗೆ ಚಪ್ಪಟೆ, ಹಿಂದಿನ ಅರ್ಧ ತಾಟೆಯ ಹಾಗೆ ಉರುಟು. ಮಾಂಸ ಬೆಳ್ಳಗೆ, ಮುಳ್ಳಿಲ್ಲ, ರುಚಿ ಅಂತ ಬಲ್ಲವರು ಹುಡುಕಿಕೊಂಡು ಬರುತ್ತಾರೆ. ದೊಡ್ಡ ಗಿಟಾರ್ ಮೀನುಗಳ ಬಳಗ ಈಗ ಸಮುದ್ರದಲ್ಲೇ ಅತಿ ಹೆಚ್ಚು ಅಪಾಯದಲ್ಲಿರುವ ಬಳಗಗಳಲ್ಲಿ ಒಂದು. ಆಕಾರ ಹಾಗಿದ್ದರೆ ಬಿಟ್ಟು ಮುಂದೆ ಹೋಗಿ. ಗರಗಸ ಮೀನಂತೂ ಈಗ ಕಣ್ಣಿಗೆ ಬೀಳುವುದೇ ಇಲ್ಲ ಅನ್ನಬೇಕು.

ತಾಟೆಯ ಬದಲು ತೊರಕೆ?

ತುಂಬ ಜನ ಹಾಗೆ ಅಂದುಕೊಳ್ಳುತ್ತಾರೆ. ಎರಡಕ್ಕೂ ಗಟ್ಟಿ ಮೂಳೆ ಇಲ್ಲ, ಮೆದು ಮೂಳೆ ಮಾತ್ರ. ಪುಳಿಮುಂಚಿ ಸಾರಿಗೆ ಎರಡೂ ಆಗುತ್ತದೆ. ಆದರೆ ಅವು ಒಂದೇ ವಂಶ. ತೊರಕೆಯೂ ನಿಧಾನ ಬೆಳೆಯುತ್ತದೆ, ಕೆಲವೇ ಮರಿ ಹಾಕುತ್ತದೆ. ತಾಟೆ ಬಿಟ್ಟೆ ಅಂತ ತೊರಕೆ ಹಿಡಿದರೆ ಸಮುದ್ರಕ್ಕೆ ಏನೂ ಉಳಿತಾಯ ಇಲ್ಲ.

ತಾಟೆ ಯಾಕೆ ಇಷ್ಟ, ಅದರ ಜಾಗಕ್ಕೆ ಏನು

ತಾಟೆ ಜನರಿಗೆ ಇಷ್ಟ ಆಗಲು ಕಾರಣ ಇದೆ. ಮುಳ್ಳಿಲ್ಲ. ಅಜ್ಜ ಅಜ್ಜಿಗೆ ಗಂಟಲಲ್ಲಿ ಮುಳ್ಳು ಸಿಕ್ಕುವ ಹೆದರಿಕೆ ಇಲ್ಲದೆ ಬಡಿಸಬಹುದು. ಬೇಯಿಸಿ ಹುಡಿ ಮಾಡಿ ತೆಂಗಿನತುರಿ, ಬೆಳ್ಳುಳ್ಳಿ, ಅರಿಶಿನ ಹಾಕಿ ಸುಕ್ಕ ಮಾಡಿದರೆ ಗಂಜಿ ಎಷ್ಟು ಉಂಡರೂ ಸಾಲದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೂ ಇಷ್ಟವೇ.

ಕಷ್ಟ ಇರುವುದು ಅದರ ವಾಸನೆಯಲ್ಲಿ. ತಾಟೆಯ ಮೈಯೊಳಗೆ ಯೂರಿಯಾ ಇರುತ್ತದೆ. ಉಪ್ಪುನೀರಿನಲ್ಲಿ ಬದುಕಲು ಅದಕ್ಕೆ ಅದು ಬೇಕು. ಸತ್ತ ಮೇಲೆ ಅದೇ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಐಸ್ ಸರಿಯಾಗಿ ಹಾಕದ ತಾಟೆ ಅದಕ್ಕೇ ಮೂಗಿಗೆ ಚುಚ್ಚುವ ಮೂತ್ರದ ವಾಸನೆ ಹೊಡೆಯುತ್ತದೆ. ನಾನೊಮ್ಮೆ ಸಂಜೆ ಹೊತ್ತು, ತುಂಡು ಮಾಡಿಟ್ಟ ತಾಟೆಯನ್ನು ಅವಸರದಲ್ಲಿ ತಂದಿದ್ದೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಕಣ್ಣಲ್ಲಿ ನೀರು. ಹುಣಸೆ ನೀರಿನಲ್ಲಿ ಎರಡು ಸಲ ನೆನೆಸಿದರೂ ಹೋಗಲಿಲ್ಲ. ಅಷ್ಟೂ ತೆಂಗಿನಬುಡಕ್ಕೆ ಹೋಯಿತು. ಹತ್ತು ವರ್ಷ ಬದುಕಿರಬಹುದಾದ ಒಂದು ಜೀವ ಹೀಗೆ ಹಾಳಾಯಿತಲ್ಲ ಅಂತ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ತುಂಡು ಮಾಡಿಟ್ಟಿದ್ದನ್ನು ಕೊಳ್ಳಬೇಡಿ ಅನ್ನುವುದು ಅದಕ್ಕೇ. ಇಡೀ ಮೀನು ನೋಡಿದರೆ ಜಾತಿಯೂ ಗೊತ್ತಾಗುತ್ತದೆ, ವಾಸನೆಯೂ ಗೊತ್ತಾಗುತ್ತದೆ.

ಅದರ ಜಾಗಕ್ಕೆ ಏನು ಹಾಕಬಹುದು? ಮುಳ್ಳಿನ ಹೆದರಿಕೆಯವರಿಗೆ ನಂಗ್, ನಾಲಗೆಯಂಥ ಚಪ್ಪಟೆ ಮೀನು. ನಡುವಿನ ಮುಳ್ಳು ಒಂದೇ ಎಳೆತಕ್ಕೆ ಬಿಟ್ಟು ಬರುತ್ತದೆ, ಮಾಂಸ ಬೆಣ್ಣೆಯ ಹಾಗೆ. ಕಾಣೆಯೂ ಒಳ್ಳೆಯದು, ಆದರೆ ದರ ಕೇಳಿದರೆ ತಲೆ ತಿರುಗುತ್ತದೆ. ಸುಕ್ಕಕ್ಕೆ ಸಣ್ಣ ಕೇದರ್ (ಟ್ಯೂನಾ) ಆಗುತ್ತದೆ. ಬೇಯಿಸಿ ಮುಳ್ಳು ಬಿಡಿಸಿ ಹುಡಿ ಮಾಡಿದರೆ ತಾಟೆಯ ಹಾಗೆಯೇ ನಿಲ್ಲುತ್ತದೆ, ಬಣ್ಣ ಮಾತ್ರ ಸ್ವಲ್ಪ ಕಂದು. ನಾನು ಮನೆಯಲ್ಲಿ ಹೇಳದೆ ಒಮ್ಮೆ ಮಾಡಿದ್ದೆ. ಅಪ್ಪ ಎರಡನೇ ಸಲ ಹಾಕಿಸಿಕೊಂಡ ಮೇಲೆ ಕೇಳಿದರು, "ಇವತ್ತು ತಾಟೆ ಯಾಕೆ ಇಷ್ಟು ಮೆದು?" ಅಂತ.

ಬಾಣಂತಿಗೆ, ಮಕ್ಕಳಿಗೆ

ಈಗ ಅಮ್ಮನ ಮಾತಿಗೆ ಬರುತ್ತೇನೆ. ಹಾಲು ಹೆಚ್ಚಲು ಮುಖ್ಯವಾಗಿ ಬೇಕಾದ್ದು ಮಗು ಪದೇ ಪದೇ ಕುಡಿಯುವುದು. ಜೊತೆಗೆ ತಾಯಿಗೆ ಹೊಟ್ಟೆ ತುಂಬ ಊಟ, ನೀರು, ನಿದ್ದೆ. ಮೀನಿನಿಂದ ಸಿಗುವ ಒಳ್ಳೆಯದು ತಾಟೆಯಲ್ಲಿ ಮಾತ್ರ ಇರುವುದಲ್ಲ.

ತಾಟೆಯಲ್ಲಿ ಇನ್ನೊಂದು ತೊಂದರೆ ಇದೆ, ಪಾದರಸ. ಸಮುದ್ರದ ನೀರಿನಲ್ಲಿರುವ ಚೂರು ಪಾದರಸ ಸಣ್ಣ ಜೀವಿಗಳ ಮೈ ಸೇರುತ್ತದೆ. ಅವನ್ನು ತಿಂದ ಸಣ್ಣ ಮೀನಿಗೆ ಸ್ವಲ್ಪ ಜಾಸ್ತಿ. ಸಣ್ಣ ಮೀನನ್ನು ವರ್ಷಗಟ್ಟಲೆ ತಿಂದ ದೊಡ್ಡ ಮೀನಿಗೆ ಬಹಳ ಜಾಸ್ತಿ. ಅದು ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಹುಣಸೆ ನೀರಿಗೂ ಬಗ್ಗುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿನ, ಸಣ್ಣ ಮಕ್ಕಳ ಮೆದುಳಿಗೆ ಅದು ಕೆಟ್ಟದ್ದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ಶಾರ್ಕ್ ತಿನ್ನಲೇಬಾರದು ಅನ್ನುತ್ತದೆ. ಅದೇ ಪಟ್ಟಿಯಲ್ಲಿ ಕಿಂಗ್ ಮ್ಯಾಕೆರೆಲ್ ಕೂಡ ಇದೆ. ಅದು ನಮ್ಮ ಅಂಜಲ್‌ನ (ಸುರ್ಮಯಿ) ದಾಯಾದಿ, ಅಟ್ಲಾಂಟಿಕ್ ಕಡೆಯದ್ದು. ಅಂಜಲ್ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಗರ್ಭಿಣಿಗೆ, ಬಾಣಂತಿಗೆ ದೊಡ್ಡ ಅಂಜಲ್‌ನ ತುಂಡನ್ನು ದಿನಾ ಕೊಡಬೇಡಿ ಅಂತ ಮಾತ್ರ.

ಬೂತಾಯಿ, ಅಂದರೆ ಸಾರ್ಡಿನ್, ಇದಕ್ಕೆ ಪೂರ್ತಿ ತದ್ವಿರುದ್ಧ. ಕುಂದಾಪುರ ಕಡೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ. ಅದು ಬದುಕುವುದೇ ಎರಡು ಮೂರು ವರ್ಷ. ತಿನ್ನುವುದು ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನು. ಪಾದರಸ ಕೂಡಲು ಸಮಯವೂ ಇಲ್ಲ, ದಾರಿಯೂ ಇಲ್ಲ. ಮೆದುಳಿಗೆ, ಹೃದಯಕ್ಕೆ ಒಳ್ಳೆಯದು ಅನ್ನುವ ಒಮೇಗಾ–3 ಕೊಬ್ಬು ತುಂಬಿ ತುಳುಕುತ್ತಿರುತ್ತದೆ. ಮಳೆಗಾಲ ಮುಗಿದ ಮೇಲೆ ಬರುವ ಬೂತಾಯಿಯನ್ನು ಕಾವಲಿಗೆ ಹಾಕಿದರೆ ಎಣ್ಣೆ ಬೇಡವೇ ಬೇಡ, ಅದರ ನೆಯ್ಯಲ್ಲೇ ಅದು ಹುರಿಯುತ್ತದೆ. ಬಡವರ ಮೀನು ಅಂತ ಬೂತಾಯಿಯನ್ನು ಸುಮ್ನೆ ಕಡೆಗಣಿಸಿದೆವು. ನೂರು ರೂಪಾಯಿಗೆ ಮನೆ ಮಂದಿಯೆಲ್ಲ ತಿನ್ನುವಷ್ಟು ಸಿಕ್ಕಿದ ದಿನ ಅದಕ್ಕಿಂತ ಒಳ್ಳೆಯ ಮೀನು ಮಾರುಕಟ್ಟೆಯಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮುಳ್ಳು ಜಾಸ್ತಿ ಅನ್ನುತ್ತೀರಾ? ಕುಕ್ಕರಿನಲ್ಲಿ ಹುಳಿ ಹಾಕಿ ಐದಾರು ಸೀಟಿ ಕೂಗಿಸಿ. ಮುಳ್ಳು ಕರಗುವಷ್ಟು ಮೆತ್ತಗಾಗುತ್ತದೆ. ಆ ಮುಳ್ಳಿನ ಸುಣ್ಣದ ಅಂಶ ಬಾಣಂತಿಗೆ ಬೇಕಾದ್ದೇ.

ಅಂದ ಮಾತ್ರಕ್ಕೆ ಬೂತಾಯಿ ಬತ್ತದ ಬಾವಿ ಅಲ್ಲ. ಪಕ್ಕದ ಕೇರಳದ ಲೆಕ್ಕ ನೋಡಿ. 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ಸಮುದ್ರದ ಬಿಸಿ, ಮಳೆಯ ಏರುಪೇರು, ಮರಿ ಇರುವಾಗಲೇ ಹಿಡಿಯುವುದು, ಎಲ್ಲವೂ ಸೇರಿ ಅದು ಹೀಗೆ ಏಳುತ್ತದೆ, ಬೀಳುತ್ತದೆ. ಆದರೆ ಒಂದೇ ವರ್ಷದಲ್ಲಿ ಪ್ರಾಯಕ್ಕೆ ಬಂದು ಸಾವಿರಗಟ್ಟಲೆ ಮೊಟ್ಟೆ ಇಡುವ ಮೀನಾದ್ದರಿಂದ ಬಿಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ. ಸುತ್ತಿಗೆ ತಲೆಯ ತಾಟೆಗೆ ಅಂಥ ಚೇತರಿಕೆಗೆ ಒಂದು ತಲೆಮಾರೇ ಬೇಕು.

ಬಂಗುಡೆ, ಅಂಜಲ್: ಅಳತೆ ನೋಡಿ

ಬಂಗುಡೆಯೂ ಬೂತಾಯಿಯ ಹಾಗೆ ಬೇಗ ಬೆಳೆಯುವುದು. ದಿನಬಳಕೆಗೆ ಇದಕ್ಕಿಂತ ಭರವಸೆಯ ಮೀನಿಲ್ಲ. ತೆಪ್ಪಳ ಹಾಕಿದ ಸಾರಿಗೂ ಆಗುತ್ತದೆ, ಕಾವಲಿಗೂ ಆಗುತ್ತದೆ. ಒಂದೇ ಗಮನ, ಬೆರಳುದ್ದದ್ದನ್ನು ಕೊಳ್ಳಬೇಡಿ. ಕೇರಳದಲ್ಲಿ ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಹಿಡಿಯುವಂತಿಲ್ಲ ಎಂದು ಕಾನೂನು ಮಾಡಿದ್ದಾರೆ. ನಾನು ಅದಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತೇನೆ. ನನ್ನ ಗೇಣಿಗೆ ಹತ್ತಿರ ಬಂದರೆ ಮಾತ್ರ ಬಂಗುಡೆ. "ನೂರಕ್ಕೆ ಹತ್ತು" ಅಂತ ಕೂಗುವ ಕಡೆಗಿಂತ "ನೂರಕ್ಕೆ ನಾಲ್ಕು" ಅನ್ನುವ ಕಡೆ ಹೋಗಿ. ತಲೆ, ಹೊಟ್ಟೆ ತೆಗೆದ ಮೇಲೆ ಸಿಗುವ ಮಾಂಸ ನೋಡಿದರೆ ನಷ್ಟವೇನಿಲ್ಲ.

ಅಂಜಲ್ ವಿಷಯದಲ್ಲಿ ಜನ ಉಲ್ಟಾ ಯೋಚಿಸುತ್ತಾರೆ. ಮದುವೆ, ನೆಂಟರು ಅಂದರೆ ಅಂಜಲ್ ರವಾ ಫ್ರೈ ಇರಲೇಬೇಕು. ಆದರೆ ದೊಡ್ಡದಕ್ಕೆ ದರ ಜಾಸ್ತಿ ಅಂತ ಒಂದು ಕಿಲೋದ ಮರಿ ಅಂಜಲ್ ಎರಡು ತರುತ್ತಾರೆ. ಅಂಜಲ್ ಪ್ರಾಯಕ್ಕೆ ಬರುವುದು ಸುಮಾರು 70 ಸೆಂಟಿಮೀಟರ್ ಆದ ಮೇಲೆ, ಎರಡು ವರ್ಷದ ಹೊತ್ತಿಗೆ. ಒಂದು ಕಿಲೋದ್ದು ಅಷ್ಟು ಉದ್ದ ಆಗಿರುವುದಿಲ್ಲ, ಅದು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ನೆಂಟರು ಬಂದಾಗ ಮೂರು ನಾಲ್ಕು ಕಿಲೋದ ಅಂಜಲ್‌ನಿಂದ ತಲೆಗೊಂದು ತುಂಡಿನ ಲೆಕ್ಕದಲ್ಲಿ ಕತ್ತರಿಸಿ ಕೊಂಡುಕೊಳ್ಳಿ. ತುಂಡು ಅಗಲವಾಗಿ ಚಂದ ಕಾಣುತ್ತದೆ, ಮುಳ್ಳೂ ಕಡಿಮೆ. ಸಣ್ಣ ಮಕ್ಕಳ ಬಟ್ಟಲಿಗೆ ಬೇರೆ ಮೀನು ಹಾಕಿ.

ಮಾಂಜಿಗೂ (ಪಾಂಫ್ರೆಟ್) ಇದೇ ಮಾತು. ಅಂಗೈಗಿಂತ ಸಣ್ಣದು ಬೇಡ.

ಯಾವ ಬೋಟಿನ ಮೀನು?

ಇದನ್ನು ಕೇಳುವವರು ಕಡಿಮೆ. ಕೇಳಿದರೆ ಮೀನು ಮಾರುವವರು ಹೇಳುತ್ತಾರೆ, ಮುಚ್ಚಿಡುವುದಿಲ್ಲ.

ಮಲ್ಪೆಯಿಂದ, ಮಂಗಳೂರು ದಕ್ಕೆಯಿಂದ ಹೊರಡುವ ಆಳಸಮುದ್ರದ ಟ್ರಾಲ್ ಬೋಟುಗಳು ಒಂದು ಸಲ ಹೋದರೆ ಹತ್ತು ಹನ್ನೆರಡು ದಿನಕ್ಕೆ ಬರುತ್ತವೆ. ಮೊದಲ ದಿನ ಹಿಡಿದ ಮೀನು ಅಷ್ಟು ದಿನವೂ ಐಸಿನ ಅಡಿಯಲ್ಲಿರುತ್ತದೆ. ಕೊನೆಯ ದಿನದ್ದು ಮೇಲಿರುತ್ತದೆ. ಒಂದೇ ಬೋಟಿನ ಮೀನಿನಲ್ಲೂ ಹಾಗಾಗಿ ವ್ಯತ್ಯಾಸ. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟು ಬೆಳಗಿನ ಜಾವ ಹೋಗಿ ಸಂಜೆಯೊಳಗೆ ಬರುವುದೇ ಹೆಚ್ಚು. ಬೂತಾಯಿ, ಬಂಗುಡೆ ಅದರಲ್ಲಿ ಸಿಗುವ ಮೀನು. ನಾಡದೋಣಿಯವರ ಕಂತಬಲೆ, ಕಡಲ ದಡದಲ್ಲಿ ಊರಿನವರೆಲ್ಲ ಸೇರಿ ಎಳೆಯುವ ಕೈರಂಪಣಿ, ಇವುಗಳಲ್ಲಿ ಬಂದದ್ದು ಗಂಟೆಗಳ ಲೆಕ್ಕದ್ದು. ಮೀನು ಕಡಿಮೆ, ಆದರೆ ಮೈ ಇನ್ನೂ ಬಿಗಿಯಾಗಿರುತ್ತದೆ. ಹಾಗೆ ಸಿಕ್ಕಿದ ದಿನ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಕತ್ತಲಲ್ಲಿ ಪ್ರಖರ ದೀಪ ಹಾಕಿ ಸಣ್ಣದು ದೊಡ್ಡದು ಎನ್ನದೆ ಎಲ್ಲ ಮೀನನ್ನೂ ಒಟ್ಟಿಗೆ ಎತ್ತುವ ಲೈಟ್ ಫಿಶಿಂಗ್ ಅನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಅದರಿಂದ ಹೆಚ್ಚು ಪೆಟ್ಟು ತಿಂದವರು ಈ ನಾಡದೋಣಿಯವರೇ.

ಹಳತಾದರೆ ಯಾವ ಮೀನು ಹೆಚ್ಚು ಅಪಾಯ ಅನ್ನುವುದೂ ತಿಳಿದಿರಲಿ. ತಾಟೆ ಹಳತಾದರೆ ಮೂಗಿಗೆ ಗೊತ್ತಾಗುತ್ತದೆ. ಬಂಗುಡೆ, ಕೇದರ್ ಹಾಗಲ್ಲ. ಬಿಸಿಲಲ್ಲಿ ಐಸಿಲ್ಲದೆ ಕೆಲವು ಗಂಟೆ ಕೂತರೆ ಒಳಗೆ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ನೋಡಲು ಮೀನು ಚೆನ್ನಾಗಿಯೇ ಇರಬಹುದು. ಬೇಯಿಸಿದರೂ ಆ ಹಿಸ್ಟಮಿನ್ ಹೋಗುವುದಿಲ್ಲ. ನಮ್ಮ ಅತ್ತಿಗೆಯ ಮಗ ಒಮ್ಮೆ ಮನೆಬಾಗಿಲಿಗೆ ತರಿಸಿದ ಬಂಗುಡೆ ತಿಂದು ಅರ್ಧ ಗಂಟೆಯಲ್ಲಿ ಮುಖವೆಲ್ಲ ಕೆಂಪಾಗಿ, ಮೈ ತುರಿಸಿಕೊಂಡು ಅಳತೊಡಗಿದ. ಮೀನಿನ ಅಲರ್ಜಿ ಅಂತ ಹೆದರಿದ್ದೆವು. ಡಾಕ್ಟರು ನೋಡಿ, ಮೀನಿನದ್ದಲ್ಲ, ಮೀನು ಕೂತ ರೀತಿಯದ್ದು ಅಂದರು. ಈಗಲೂ ಅವನು ಬಂಗುಡೆ ಖುಷಿಯಿಂದ ತಿನ್ನುತ್ತಾನೆ. ನಾವು ಮಾತ್ರ ಐಸ್ ಇಲ್ಲದ ಬುಟ್ಟಿಯ ಮುಂದೆ ನಿಲ್ಲುವುದಿಲ್ಲ. ಬಂಗುಡೆ ಕೊಂಡ ಮೇಲೆ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಉಡುಪಿಯ ಪೇಟೆಯೆಲ್ಲ ಸುತ್ತುವುದನ್ನೂ ಬಿಟ್ಟಿದ್ದೇವೆ.

ಜೂನ್, ಜುಲೈ

ನಮ್ಮ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಬೂತಾಯಿ, ಬಂಗುಡೆ ಮೊಟ್ಟೆ ಇಡುವ ಹೊತ್ತು ಅದು. ಈ ಎರಡು ತಿಂಗಳು "ಫ್ರೆಶ್ ಅಂಜಲ್" ಅಂತ ಬೋರ್ಡು ಕಂಡರೆ ಎಲ್ಲಿಂದ ಬಂತು ಅಂತ ಕೇಳಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮಧ್ಯದ ಮೇಲೆ ಅಲ್ಲಿಯ ಮೀನು ಲಾರಿಯಲ್ಲಿ ಇಲ್ಲಿಗೆ ಬರಬಹುದು. ಅದು ಕೆಟ್ಟದ್ದೆಂದಲ್ಲ, ತಾಜಾ ಅಂತ ದುಡ್ಡು ಕೊಡಬೇಡಿ ಅಷ್ಟೆ.

ಆ ತಿಂಗಳಲ್ಲಿ ಹೊಳೆ ಮೀನಿಗೆ ಕೈ ಹಾಕಿ. ಕುಂದಾಪುರ, ಬೈಂದೂರು ಕಡೆ ಅಳಿವೆಯಲ್ಲಿ ಪಂಜರ ಕಟ್ಟಿ ಸಾಕುವ ಕುರುಡಿ ಮೀನು ಚೆನ್ನಾಗಿರುತ್ತದೆ. ನಾಡದೋಣಿಯವರು ಮಳೆಯ ನಡುವೆ ತರುವ ಸಿಗಡಿ, ಸಣ್ಣ ಮೀನು ಸಿಕ್ಕಿದರೆ ಅದೃಷ್ಟ. ಇಲ್ಲದಿದ್ದರೆ ಬೇಸಗೆಯಲ್ಲಿ ಒಣಗಿಸಿಟ್ಟ ಕೊಲ್ಲತರು ಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ಒಣ ತಾಟೆಯೂ ಈ ಹೊತ್ತಿನಲ್ಲೇ ಹೆಚ್ಚು ಖರ್ಚಾಗುತ್ತದೆ. ಒಣಗಿದ ತುಂಡಿನಲ್ಲಿ ಯಾವ ಜಾತಿ, ಮರಿಯೋ ದೊಡ್ಡದೋ ಏನೂ ತಿಳಿಯುವುದಿಲ್ಲ. ನೀರು ಹೋಗಿ ಮಾಂಸ ಮಾತ್ರ ಉಳಿದಿರುವುದರಿಂದ ಪಾದರಸವೂ ತೂಕಕ್ಕೆ ಹೆಚ್ಚು. ನಮ್ಮ ಮನೆಯ ಒಣಮೀನಿನ ಡಬ್ಬದಲ್ಲಿ ಈಗ ಅದಕ್ಕೆ ಜಾಗ ಇಲ್ಲ.

ಅವತ್ತು ಮಲ್ಪೆಯಿಂದ ನಾನು ತಂದದ್ದು ಅರ್ಧ ಕಿಲೋ ನಂಗ್, ಇಪ್ಪತ್ತು ಬೂತಾಯಿ. ಅಮ್ಮ ಚೀಲ ನೋಡಿ, "ತಾಟೆ ಎಲ್ಲಿ?" ಅಂದರು. ಹೊಕ್ಕುಳಿನ ವಿಷಯ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಬೂತಾಯಿಗೆ ಹುಳಿ ನೆನೆಹಾಕಿದರು.